ಮರಳಿ ತರಬಹುದಾಗಿದ್ದ ಡ್ರಾಯಿಂಗ್‌ಗಳು

ಮುಮ್ತಾಜ್ ಆ ಡ್ರಾಯಿಂಗ್‌ಗಳನ್ನು ಅಳಿಸಿದಳು — ಅದು ನಿಜ. ಅವು ಮರಳಿ ಬರದ ಹಾಗೆ ಮಾಡಿದವಳು ನಾನು — ಅದೂ ನಿಜ. ಮೊದಲನೆಯದು ವರ್ಕ್‌ಶಾಪಿನಲ್ಲಿ ಎಲ್ಲರಿಗೂ ಗೊತ್ತಿತ್ತು. ಎರಡನೆಯದನ್ನು ನಾನು ವರ್ಷಗಟ್ಟಲೆ ಯಾರಿಗೂ ಹೇಳಲಿಲ್ಲ. ಹೇಳದೆ ಚೆನ್ನಾಗಿಯೇ ಇದ್ದೆ ಎಂದು ಬರೆಯಬೇಕೆನಿಸುತ್ತದೆ — ಇಲ್ಲ, ಚೆನ್ನಾಗಿರಲಿಲ್ಲ. ಆದರೂ ಇದ್ದೆ.

ದಾಂಡೇಲಿಯಲ್ಲಿ ಪಾಟೀಲ ಸಾಹೇಬರದೊಂದು ವರ್ಕ್‌ಶಾಪ್. ಅಕ್ಕಿ ಗಿರಣಿಗಳಿಗೆ ಬೇಕಾದ ಶಾಫ್ಟು, ರೋಲರು, ಹಲ್ಲುಗಾಲಿಗಳನ್ನು ಅಲ್ಲಿ ಮಾಡುತ್ತಾರೆ. ಆಫೀಸಿನ ಕೆಲಸ ನನ್ನದು, ಡ್ರಾಯಿಂಗ್ ಮುಮ್ತಾಜಳದು. ಇಬ್ಬರೂ ಹೆಚ್ಚು ಕಡಿಮೆ ಒಂದೇ ಸಮಯದಲ್ಲಿ ಕೆಲಸಕ್ಕೆ ಸೇರಿದವರು, ಒಂದೇ ಡಬ್ಬಿಯಲ್ಲಿ ಉಂಡವರು. ಅವಳು ಹಳಿಯಾಳ, ಮುಂಡಗೋಡ, ಜೊಯಿಡಾ ಕಡೆಯ ಗಿರಣಿಗಳಿಗೆ ಹೋಗಿ, ತೌಡಿನ ಧೂಳಿನಲ್ಲಿ ಕೂತು ಅಳತೆ ತೆಗೆದು, ಬಂದು ಕಂಪ್ಯೂಟರಿನಲ್ಲಿ ಬಿಡಿಸುತ್ತಿದ್ದಳು. ಆ ಯಂತ್ರಗಳಲ್ಲಿ ಎಷ್ಟೋ ಹಳೆಯವು. ಮಾಡಿದ ಕಂಪನಿಗಳೇ ಈಗಿಲ್ಲ. ಒಂದು ಹಲ್ಲುಗಾಲಿ ಮುರಿದರೆ ಅವಳ ಡ್ರಾಯಿಂಗೇ ಗತಿ. ಜೋರು ದನಿ, ಅದಕ್ಕಿಂತ ಜೋರು ನಗು. ಜಗಳವಾಡಿದರೂ ಊಟದ ಹೊತ್ತಿಗೆ ಮರೆತುಬಿಡುವಳು.

ಹಳೆಯ ಸರ್ವರ್ ಮಳೆಗಾಲದಲ್ಲಿ ಕರೆಂಟು ಹೋಗಿ ಬಂದಾಗಲೆಲ್ಲ ಮುಗ್ಗರಿಸುತ್ತಿತ್ತು. ಸಾಹೇಬರು ನನ್ನನ್ನು ಕರೆದು, ಡೇಟಾ ಇಡಲು ಹೊಸದೊಂದನ್ನು ಆರಿಸಲು ಹೇಳಿದರು. ನಾನು ಹುಬ್ಬಳ್ಳಿಗೆ ಹೋಗಿ ನೋಡಿ ಬಂದೆ. ತಿರುಗುವ ಡಿಸ್ಕಿಲ್ಲದೆ ಚಿಪ್ಪಿನಲ್ಲೇ ಡೇಟಾ ಇಡುವ ಫ್ಲ್ಯಾಶ್ ಸ್ಟೋರೇಜಿನಲ್ಲಿ ಎಷ್ಟು ದೊಡ್ಡ ಡ್ರಾಯಿಂಗಾದರೂ ಕಣ್ಣು ಮಿಟುಕಿಸುವಷ್ಟರಲ್ಲಿ ತೆರೆಯುತ್ತಿತ್ತು. ಅದನ್ನು ನೋಡಿದ ಮೇಲೆ ನನಗೆ ಬೇರೆ ಯಾವುದೂ ಬೇಡವಾಯಿತು.

ಮುಮ್ತಾಜ್ ಒಪ್ಪಲಿಲ್ಲ.

“ಪೆನ್ ಡ್ರೈವ್ ಇದ್ದಂಗ ಅದು, ಶೋಭಾ. ಒಂದಿನ ಹೇಳದ ಕೇಳದ ಉಸಿರ ನಿಲ್ಲಸ್ತೈತಿ. ಅದ ರೊಕ್ಕಕ್ಕ ಹಾರ್ಡ್ ಡಿಸ್ಕಿಂದು ದೊಡ್ಡದು ಬರತೈತಿ. ಸಾವಕಾಶ ನಡೀಲಿ, ಏನಾತು?”

ಅವಳ ಭಯ ತಪ್ಪಾಗಿತ್ತು. ಇದನ್ನೂ ಹೇಳಿಬಿಡಬೇಕು — ನಾನು ತಂದದ್ದು ಒಳ್ಳೆಯ ಯಂತ್ರವೇ, ಒಂದು ದಿನವೂ ಕೆಟ್ಟು ನಿಲ್ಲಲಿಲ್ಲ. ಒಂದನ್ನು ವರ್ಕ್‌ಶಾಪಿನಲ್ಲಿಟ್ಟೆವು, ಅದರ ಜೋಡಿಯನ್ನು ಸಾಹೇಬರ ಮನೆಯಲ್ಲಿ. ಇಲ್ಲಿ ಆದ ಬದಲಾವಣೆ ಕೂಡಲೇ ಅಲ್ಲಿಯೂ ಆಗುತ್ತಿತ್ತು. ಅದಲ್ಲದೆ, ದಿನಾ ಸಂಜೆ ಆ ದಿನದ ಡೇಟಾ ಹೇಗಿತ್ತೋ ಹಾಗೆಯೇ ಒಂದು ಪ್ರತಿ ಉಳಿಯುತ್ತಿತ್ತು. ಯಾರಾದರೂ ತಪ್ಪಿ ಏನಾದರೂ ಅಳಿಸಿದರೆ ನಿನ್ನೆಯ ಪ್ರತಿಯಿಂದ ಎತ್ತಿಕೊಂಡರಾಯಿತು. ಎಲ್ಲರನ್ನೂ ನಿಲ್ಲಿಸಿಕೊಂಡು ಮಾಡಿ ತೋರಿಸಿದೆ. ಜಾಗದ ಚಿಂತೆ ಇನ್ನು ಬಹಳ ವರ್ಷ ಇಲ್ಲ ಎಂದೂ ಹೇಳಿದೆ. ಮುಮ್ತಾಜಳ ಮುಖ ನೋಡುತ್ತಲೇ ಹೇಳಿದೆ.

ಜಾಗ ಅಷ್ಟು ದಿನ ಬಾಳಲಿಲ್ಲ. ನಾನು ಆರಿಸಿದ್ದು ಚಿಕ್ಕದು. ಹೊಸ ಕಟಿಂಗ್ ಮಷಿನ್ ಬಂದ ಮೇಲೆ ಫೈಲುಗಳೂ ದೊಡ್ಡವಾದವು. ಪರದೆಯ ಮೇಲೆ ಕೆಂಪು ಎಚ್ಚರಿಕೆ ಮೂಡತೊಡಗಿತು. ಹೆಚ್ಚಿನದನ್ನು ಕೊಳ್ಳಿರಿ ಎಂದು ಸಾಹೇಬರಿಗೆ ಹೇಳಬೇಕಿತ್ತು. ಹೇಳಿದರೆ ಮುಮ್ತಾಜ್ ನಗುತ್ತಾಳೆ — ಅವಳು ಹಾಗೆ ಕೊಂಕಾಗಿ ನಗುವವಳೇ ಅಲ್ಲ, ಆದರೂ ನನಗೆ ಹಾಗನಿಸಿತು. ಸಂಜೆಯ ಪ್ರತಿಗಳು ಹಿಡಿದಿದ್ದ ಜಾಗ ಕಣ್ಣಿಗೆ ಬಿತ್ತು. ಅವನ್ನೆಲ್ಲ ತೆಗೆದುಹಾಕಿದೆ. ಹೊಸವು ಆಗದಂತೆ ಆ ವ್ಯವಸ್ಥೆಯನ್ನೇ ನಿಲ್ಲಿಸಿದೆ. ಸ್ವಲ್ಪ ದಿನದ ಮಟ್ಟಿಗೆ ಅಂದುಕೊಂಡೆ. ಯಾರಿಗೂ ಹೇಳಲಿಲ್ಲ. ಕೆಂಪು ಹೋಯಿತು, ಯಂತ್ರ ಮತ್ತೆ ಓಡತೊಡಗಿತು, ಮತ್ತು ನಾನು —

ನಾನು ಮರೆಯಲಿಲ್ಲ. ಮರೆತೆ ಎಂದರೆ ಸುಳ್ಳಾಗುತ್ತದೆ. ದಿನಾ ನೆನಪಾಗುತ್ತಿತ್ತು, ದಿನಾ ನಾಳೆ ಎನ್ನುತ್ತಿದ್ದೆ.

ಮತ್ತೆ ಜಾಗ ತುಂಬುತ್ತ ಬಂದಾಗ, ಬೇಡವಾದ ಫೈಲುಗಳನ್ನು ತೆಗೆಯುವಂತೆ ಮುಮ್ತಾಜಳಿಗೆ ನಾನೇ ಹೇಳಿದೆ. ಅವಳು ಮೌಸಿನ ಮೇಲೆ ಕೈಯಿಟ್ಟು ನನ್ನತ್ತ ತಿರುಗಿದಳು.

“ತಪ್ಪಿ ಏನರ ಹೋದ್ರ ವಾಪಸ್ ಬರತೈತಲ್ಲ?”

“ಬರತೈತಿ,” ಎಂದೆ. “ತಗೀ ನೀ.”

ಅಷ್ಟು ಸಲೀಸಾಗಿ ಬಂತು ಆ ಮಾತು. ತಡಿ, ಈಗ ಆ ಪ್ರತಿಗಳಿಲ್ಲ ಎನ್ನಲು ಅಷ್ಟೇ ಉಸಿರು ಸಾಕಿತ್ತು.

ಅವಳು ತೆಗೆದ ಫೋಲ್ಡರುಗಳಲ್ಲಿ ಒಂದರ ಹೆಸರು ‘ಹಳೇದು’. ಅದರಲ್ಲಿ ಹಳೆಯ ಗಿರಣಿಗಳ ಮೂಲ ಡ್ರಾಯಿಂಗ್‌ಗಳಿದ್ದವು. ಹೆಸರು ನೋಡಿ ಮೋಸಹೋದಳು — ಯಾರಾದರೂ ಹೋಗಬಹುದಾದ ಮೋಸ. ಮರುದಿನ ಸುಗ್ಗಿಯ ನಟ್ಟನಡುವೆ ಒಂದು ಗಿರಣಿಯ ಶಾಫ್ಟ್ ಮುರಿದಿದೆ ಎಂದು ಫೋನ್ ಬಂತು. ಹುಡುಕಿದರೆ ಡ್ರಾಯಿಂಗಿಲ್ಲ. ಸಾಹೇಬರ ಮನೆಯಲ್ಲಿದ್ದ ಜೋಡಿ ಯಂತ್ರದಲ್ಲೂ ಇಲ್ಲ. ಇಲ್ಲಿ ಅಳಿಸಿದ್ದು ಆ ಕ್ಷಣವೇ ಅಲ್ಲಿಯೂ ಅಳಿಸಿತ್ತು. ಅಳಿಸುವ ಮುಂಚಿನ ಸಂಜೆಯ ಪ್ರತಿ ಮಾತ್ರ ಉಳಿದ ದಾರಿ, ಮತ್ತು ಆ ಪ್ರತಿ ಇರಲಿಲ್ಲ.

ಮುಮ್ತಾಜ್ ಮಾತ್ರ ಗಾಬರಿಯಾಗಿರಲಿಲ್ಲ. “ವಾಪಸ್ ಬರತೈತ್ರಿ ಸಾಹೇಬ್ರ, ಶೋಭಾ ತಂದುಕೊಡ್ತಾಳ,” ಎಂದಳು.

ಲೇತ್ ಯಂತ್ರ ನಡೆಸುವವರು ಕೆಲಸ ನಿಲ್ಲಿಸಿ ಬಾಗಿಲಲ್ಲಿ ನಿಂತಿದ್ದರು. ಸಾಹೇಬರು ನನ್ನ ಮುಖ ನೋಡಿದರು. ಆಗ ನಾನು ಹೇಳಿದ ಮಾತು ಇದು:

“ಈಕಿ ಅಳಿಸಿದ ರೀತಿಗೆ ಬರಂಗಿಲ್ರಿ. ಹಂಗ ಅಳಿಸಿದ್ರ ಯಾವ ಸಿಸ್ಟಮಿನ್ಯಾಗೂ ಬರಂಗಿಲ್ಲ.”

ಹಂಗ ಅಂದರೆ ಹೆಂಗ ಎಂದು ಯಾರೂ ಕೇಳಲಿಲ್ಲ. ಅಂಥದೊಂದು ರೀತಿ ಲೋಕದಲ್ಲಿ ಇರಲೇ ಇಲ್ಲ. ಮುಮ್ತಾಜ್ ತನ್ನ ಬಲಗೈಯನ್ನು ನೋಡಿಕೊಂಡಳು. “ಯಾ ಅಲ್ಲಾ… ನಾ ಏನ ಮಾಡಿದ್ನೋ,” ಎಂದಳು. ನನ್ನ ಮೇಲೆ ಅವಳಿಗೆ ಒಂದಿಷ್ಟೂ ಸಂಶಯ ಬರಲಿಲ್ಲ — ಅದೇ ನನ್ನನ್ನು ಕಾಪಾಡಿತು.

ಮುಂದೆ ಅವಳು ಗಿರಣಿಯಿಂದ ಗಿರಣಿಗೆ ಅಲೆದು ಆದಷ್ಟನ್ನು ಮತ್ತೆ ಅಳೆದಳು. ಅಷ್ಟರಲ್ಲಿ ಕೆಲವು ಗಿರಣಿಗಳವರು ಕೆಲಸ ಕೊಡಲು ಬೆಳಗಾವಿಯ ವರ್ಕ್‌ಶಾಪುಗಳ ಕಡೆ ಹೋಗಿಬಿಟ್ಟರು. ಲೇತಿನ ಬಸವಣ್ಣೆಪ್ಪ ಅವಳು ಎದುರಾದಾಗಲೆಲ್ಲ, “ಇದನ್ನರ ಇಟ್ಟೀಯೋ, ಅಳಿಸೀಯೋ?” ಎನ್ನುತ್ತಿದ್ದ. ಅವಳೂ ಮೊದಮೊದಲು ನಕ್ಕಳು. ಆಮೇಲೆ ಒಂದು ಡ್ರಾಯಿಂಗ್ ಮುಗಿಸಿದರೆ ಹತ್ತು ಸಲ ತೆರೆದು ನೋಡತೊಡಗಿದಳು. ಡಬ್ಬಿ ತರುವುದನ್ನು ಬಿಟ್ಟಳು. ಒಂದು ದಿನ ಕೆಲಸವನ್ನೇ ಬಿಟ್ಟಳು. ಸಾಹೇಬರು ಬೇಡವೆಂದರು, ನಾನೂ ಬೇಡವೆಂದೆ. ಅವಳ ಕೈ ಹಿಡಿದುಕೊಂಡು ಬೇಡವೆಂದೆ — ಆಗಲೂ ಬಾಯಿ ಬಿಡಲಿಲ್ಲ. ಮದುವೆಯಾಗಿ ಮುಂಡಗೋಡದ ಆಚೆ ಮಳಗಿ ಎಂಬ ಊರಿಗೆ ಹೋದಳು ಎಂದು ಕೇಳಿದೆ. ಅವಳು ಹೋದ ಮೇಲೆ ನಾನು ಸಂಜೆಯ ಪ್ರತಿಗಳನ್ನು ಸದ್ದಿಲ್ಲದೆ ಮತ್ತೆ ಶುರುಮಾಡಿದೆ.

ಈ ವರ್ಷ ಒಂದು ಗಿರಣಿಯ ಕೆಲಸಕ್ಕೆಂದು ಮಳಗಿಗೆ ಹೋಗಬೇಕಾಯಿತು. ಗಿರಣಿಯ ಎದುರು ಮನೆಯ ಕಟ್ಟೆಯಿಂದ ಯಾರೋ ಕೂಗಿದರು — “ಶೋಭಾ!” ಅದೇ ದನಿ. ಒಳಗೆ ಕರೆದು ಚಹಾ ಕೊಟ್ಟಳು. ಸಾಹೇಬರ ಆರೋಗ್ಯ ಕೇಳಿದಳು, ಬಸವಣ್ಣೆಪ್ಪನ ಮಗಳ ಮದುವೆಯಾಯಿತೇ ಎಂದು ಕೇಳಿದಳು. ಆಮೇಲೆ, ತುಸು ನಾಚಿಕೊಂಡು:

“ಒಂದ ಮಾತ ಕೇಳ್ಲಿ? ನಗಬ್ಯಾಡ. ಆವತ್ತ ನಾ ಹೆಂಗ ಅಳಿಸಿದ್ದೆ? ಇವತ್ತಿಗೂ ತಿಳೀವಲ್ದು. ಈಗೂ ಫೋನಿನ್ಯಾಗ ಒಂದ ಫೋಟೋ ಅಳಿಸಬೇಕಂದ್ರ ಮಗಳ ಕೈಯಾಗ ಕೊಡ್ತೇನಿ ನಾನು.”

ಹೇಳಿದೆ. ಸಂಜೆಯ ಪ್ರತಿಗಳನ್ನು ತೆಗೆದದ್ದು, ಬರತೈತಿ ಎಂದು ಅವಳಿಗೆ ಸುಳ್ಳು ಹೇಳಿದ್ದು, ಅವಳು ಅಳಿಸಿದ್ದರಲ್ಲಿ ವಿಶೇಷವೇನೂ ಇರಲಿಲ್ಲ ಎಂಬುದು — ಎಲ್ಲವನ್ನೂ. ಅವಳು ಚಹಾದ ಕಪ್ ಎತ್ತಿಕೊಂಡು ಒಳಗೆ ಹೋದಳು. ಬಹಳ ಹೊತ್ತು ನೀರು ಬಿಟ್ಟ ಸದ್ದು ಕೇಳಿಸಿತು. ಹೊರಗೆ ಬಂದು ನಿಂತೇ ಕೇಳಿದಳು.

“ಸಾಹೇಬ್ರಿಗೆ ಹೇಳೀಯೇನು?”

“ಇಲ್ಲ.”

“ಆವತ್ತ ಎಲ್ಲಾರ ಮುಂದ ಅಂದಿ ನೀ. ಇವತ್ತ ನನ್ನ ಕಿವ್ಯಾಗ ಹೇಳಾಕ್ಹತ್ತಿ.”

ಬಾಗಿಲು ತೆರೆದೇ ಇತ್ತು. ನಾನೇ ಎದ್ದು ಹೊರಗೆ ಬಂದೆ.

ಮರುದಿನ ಬೆಳಗ್ಗೆ ಲೇತುಗಳು ಶುರುವಾಗುವ ಮುಂಚೆ ಎಲ್ಲರನ್ನೂ ಕರೆದು ಸಾಹೇಬರ ಮುಂದೆ ಹೇಳಿದೆ. ಬಸವಣ್ಣೆಪ್ಪ ಟೊಪ್ಪಿಗೆ ತೆಗೆದು ತಲೆ ಕೆರೆದುಕೊಂಡು, “ನಾ ಆಕೀಗೆ ಏನೇನೋ ಅಂದ್ನಲ್ಲ,” ಎಂದು ಹೊರಗೆ ಹೋದ. ಸಾಹೇಬರು ಕೇಳಿದ್ದು ಇಷ್ಟೇ: “ಆವತ್ತ ಹೇಳಿದ್ರ ನಾ ನಿನಗ ಏನ ಮಾಡ್ತಿದ್ನವಾ? ಒಂದ ಮಾತ ಬೈತಿದ್ದೆ.” ಒಂದು ಬೈಗುಳ ತಪ್ಪಿಸಿಕೊಳ್ಳಲು ಅವಳ ಕಸುಬನ್ನೇ ಕೊಟ್ಟಿದ್ದೆ — ಅದು ನನಗೂ ಆ ಹೊತ್ತಿಗೇ ಸ್ಪಷ್ಟವಾಯಿತು.

ಸಾಹೇಬರು ಆ ದಿನವೇ ಮುಮ್ತಾಜಳಿಗೆ ಫೋನ್ ಮಾಡಿದರು. ಕೆಲಸಕ್ಕೆ ಮರಳಿ ಬಾ ಎಂದರು. ಬರುವುದಿಲ್ಲ ಎಂದಳಂತೆ, ಬಸವಣ್ಣೆಪ್ಪನ ಜೊತೆ ಬಹಳ ಹೊತ್ತು ಮಾತಾಡಿದಳಂತೆ. ನನ್ನನ್ನು ಕೇಳಲಿಲ್ಲ.

ಆಮೇಲೆ ನಾನು ಕರೆ ಮಾಡಿದೆ, ಎತ್ತಲಿಲ್ಲ. ಮತ್ತೆ ಮಾಡಿದೆ. ಮೂರನೆಯ ಸಲ ಮಾಡಲು ಹೋದಾಗ ತಡೆದುಕೊಂಡೆ — ನನಗೆ ಬೇಕಾಗಿದ್ದುದು ಅವಳ ನೆಮ್ಮದಿಯಲ್ಲ, ನನ್ನದು. ಎತ್ತದೆ ಇರುವುದು ಅವಳ ಹಕ್ಕು. ಇನ್ನು ನಾನಾಗಿ ಕರೆ ಮಾಡುವುದಿಲ್ಲ.