ಐಸಮ್ಮನವರ ಬಾವಿನೀರು

ಸಂಪಾಜೆ ಹತ್ತಿರ ಬತ್ತಿದ್ದ ಜೌಗೊಂದರಲ್ಲಿ ಮತ್ತೆ ನೀರು ನಿಲ್ಲಿಸಿದ್ದರು. ಅದು ಚೇತರಿಸಿಕೊಂಡಂತೆ, ಅಲ್ಲಿಂದ ಹರಿಯುವ ಚಾ ಬಣ್ಣದ ನೀರಿನಲ್ಲಿ ಕರಗಿದ ಇಂಗಾಲ ಕಡಿಮೆಯಾಗಬೇಕು. ಪರೀಕ್ಷೆಗೆ ತಿಂಗಳಿಗೊಮ್ಮೆ ಆ ನೀರು ತರುವುದು ನನ್ನ ಕೆಲಸ.

ಒಮ್ಮೆ ತುಂಬಿದ ಬಾಟಲಿಗಳನ್ನು ಜೌಗಿನ ಪಕ್ಕದ ಮನೆಯ ಐಸಮ್ಮನವರ ಜಗಲಿಯಲ್ಲಿಟ್ಟು ಕಾಲು ತೊಳೆದು ಬಂದೆ. ನೋಡಿದರೆ ಎಲ್ಲದರಲ್ಲೂ ತಿಳಿನೀರು!

"ಅದನ್ನು ಚೆಲ್ಲಿ ನಮ್ಮ ಬಾವಿದು ತುಂಬಿಸಿದೆ ಮಾರಾಯ್ರೆ. ನಮ್ಮೂರಿಂದ ಅಂಥ ನೀರು ಕೊಂಡೋಗುದಾ? ನೋಡಿದವರು ಎಂತ ಹೇಳಿಯಾರು?"

ಹಾಗೇ ಪುತ್ತೂರಿನ ಲ್ಯಾಬಿಗೆ ಹೋಗಿದ್ದರೆ ಜೌಗು ಒಂದೇ ದಿನಕ್ಕೆ ಗುಣವಾಗಿಬಿಡುತ್ತಿತ್ತು. ಬಾಟಲಿಗಳನ್ನು ಖಾಲಿ ಮಾಡಿ ಪುನಃ ಕೆಸರಿಗಿಳಿದೆ.

ಈಗ ಪ್ರತಿ ಸಲ ಅವರ ಬಾವಿನೀರಿಗೂ ಒಂದು ಬಾಟಲಿ ಒಯ್ಯುತ್ತೇನೆ.

"ನಮ್ಮ ನೀರಿನ ರಿಪೋರ್ಟ್ ಹೇಗುಂಟು?" ಅಂತ ಕೇಳುತ್ತಾರೆ.

"ಫಸ್ಟ್ ಕ್ಲಾಸ್" ಅನ್ನುತ್ತೇನೆ. ಸುಳ್ಳಲ್ಲ. ಪುತ್ತೂರು ಮುಟ್ಟುವ ಮೊದಲೇ ಅಷ್ಟನ್ನೂ ನಾನೇ ಕುಡಿದಿರುತ್ತೇನೆ.