ಶಾರದಕ್ಕ ಆರಿಸಿದ ಗಡಿಯಾರಗಳು

ಮಸ್ಕತ್ತಿನ ನಮ್ಮ ಮನೆಸಾಮಾನಿನ ಅಂಗಡಿಯಲ್ಲಿ ಮದುವೆಯವರಿಗೆ ಒಂದು ಸೌಕರ್ಯ ಉಂಟು. ಬೇಕಾದ ವಸ್ತುವಿಗೆ ಸ್ಕ್ಯಾನರ್ ಹಿಡಿದರೆ ಅದು ಉಡುಗೊರೆಯ ಪಟ್ಟಿಗೆ ಸೇರುತ್ತದೆ. ನೆಂಟರು, ಸ್ನೇಹಿತರು ಅದರಲ್ಲೇ ಒಂದನ್ನು ಕೊಂಡು ಕಳಿಸುತ್ತಾರೆ.

ಮದುವೆ ನಿಶ್ಚಯವಾಗಿದ್ದ ಮಗಳ ಜೊತೆ ಇಲ್ಲೇ ಅಲ್ ಗುಬ್ರಾ ಬಡಾವಣೆಯಿಂದ ಬಂದಿದ್ದ ಉಡುಪಿ ಕಡೆಯ ಶಾರದಕ್ಕನಿಗೆ ಇದು ಸರಿಬರಲಿಲ್ಲ. "ಇಂಥದ್ದು ಕೊಡಿ ಅಂತ ಬಾಯಿಬಿಟ್ಟು ಕೇಳುವುದಾ ಮಾರಾಯ್ರೆ? ಕಾರ್ಡಿನಲ್ಲಿ 'ಆಶೀರ್ವಾದವೇ ಉಡುಗೊರೆ' ಅಂತ ಹಾಕಿಸಿ ಆಗಿದೆ!"

"ಅಣ್ಣನ ಮದುವೆಗೂ ಹಾಗೇ ಹಾಕಿಸಿದ್ದೆಯಲ್ಲಮ್ಮ. ಬಂದದ್ದೆಲ್ಲ ಗೋಡೆ ಗಡಿಯಾರ," ಎಂದಳು ಮಗಳು, ಗ್ರೈಂಡರಿಗೆ ಸ್ಕ್ಯಾನರ್ ಹಿಡಿಯುತ್ತಾ.

ಮಗಳು ಫೋನಿನಲ್ಲಿ ಮಾತಾಡುತ್ತಿದ್ದಾಗ ಶಾರದಕ್ಕ ಮೆಲ್ಲಗೆ ಸ್ಕ್ಯಾನರ್ ಎತ್ತಿಕೊಂಡು ಹೋಗಿ, ಸಾಲಾಗಿ ತೂಗುಹಾಕಿದ್ದ ಗಡಿಯಾರಗಳಿಗೆಲ್ಲ ಒಂದೊಂದಾಗಿ ಹಿಡಿದರು. ಅಂತೂ ಮನಸ್ಸು ಬದಲಾಯಿತಲ್ಲ ಎಂದು ನನಗೆ ಖುಷಿ.

ಮದುವೆ ಹತ್ತಿರ ಬಂದಾಗ ಅವರದೇ ಫೋನ್. "ಎಂಥ ಮಿಷನ್ ಇಟ್ಟಿದ್ದೀರಿ? ಇದೊಂದು ಬೇಡ ಅಂತ ನಾನು ಒತ್ತಿದ್ದು! ಮನೆಗೆ ಬರುವುದೆಲ್ಲ ಅದೇ!" ಬೈಯುತ್ತಾ ಬೈಯುತ್ತಾ ಅವರೇ ನಕ್ಕುಬಿಟ್ಟರು.

ಕಂಪ್ಯೂಟರ್ ತೆರೆದು ನೋಡಿದೆ. ಪಟ್ಟಿಯಲ್ಲಿ ಗಡಿಯಾರ ಒಂದೂ ಉಳಿದಿರಲಿಲ್ಲ, ಎಲ್ಲ ಮಾರಿಹೋಗಿದ್ದವು. ಮಗಳು ಕೇಳಿದ್ದ ದುಬಾರಿ ಗ್ರೈಂಡರ್ ಮಾತ್ರ ಇದ್ದ ಹಾಗೇ ಇತ್ತು. ಅದನ್ನು ನೋಡಿದವರು ಬಹುಶಃ ಆಶೀರ್ವಾದವೇ ಸಾಕು ಅಂದುಕೊಂಡಿರಬೇಕು.