ಮೊಣಕಾಲಿಗಿಳಿದ ಸ್ವೆಟರು

ಟ್ರಂಕಿನ ಮುಚ್ಚಳ ತೆಗೆದ ಕೂಡಲೇ ನುಸಿಗುಳಿಗೆಯ ಘಾಟು ಮೂಗಿಗೆ ಬಡಿಯಿತು. ಅದರ ಹಿಂದೆಯೇ, ಸ್ವಲ್ಪ ತಡವಾಗಿ, ಇನ್ನೊಂದು ವಾಸನೆ ಬಂತು. ನೀವು ಶಿಡ್ಲಘಟ್ಟದವರಾಗಿದ್ದರೆ ಅದೇನೆಂದು ನಾನು ಹೇಳಬೇಕಾಗಿಲ್ಲ. ಅಲ್ಲದಿದ್ದರೆ ಎಷ್ಟು ಹೇಳಿದರೂ ಅಷ್ಟೇ. ಬಿಸಿನೀರಲ್ಲಿ ರೇಷ್ಮೆಗೂಡು ಬೇಯುವ ವಾಸನೆ ಅದು. ನಮ್ಮೂರಿಗೆ ಬರುವ ನೆಂಟರು ಬಸ್ ಸ್ಟ್ಯಾಂಡಿನಲ್ಲೇ ಸೆರಗಿನಿಂದ ಮೂಗು ಮುಚ್ಚಿಕೊಳ್ಳುತ್ತಾರೆ. ನನಗೆ ಮಾತ್ರ ಅದು ತವರಿನ ವಾಸನೆ, ಅಪ್ಪನ ಅಂಗಿಯ ವಾಸನೆ. ಎಷ್ಟು ಸಲ ಒಗೆದರೂ ಬಟ್ಟೆಯ ಮೂಲೆಯಲ್ಲಿ ಎಲ್ಲೋ ಒಂದಿಷ್ಟು ಉಳಿದುಬಿಡುತ್ತದೆ.

ನಾನು ಹುಡುಕುತ್ತಿದ್ದದ್ದು ಮಗಳ ಹಳೆಯ ಸ್ವೆಟರನ್ನು. ಮಗ ಕಿಟ್ಟು ಈ ವರ್ಷ ಒಂದನೇ ಕ್ಲಾಸು. ಚಿಕ್ಕಬಳ್ಳಾಪುರದಲ್ಲಿ ಬೆಳಿಗ್ಗೆ ಮಂಜು ಇಳಿಯತೊಡಗಿದೆ, ನಂದಿಬೆಟ್ಟ ಇದೆಯೋ ಇಲ್ಲವೋ ಅನ್ನುವ ಹಾಗೆ. ಅಂಗಡಿಯ ಸ್ವೆಟರು ಹಾಕಿದರೆ ಅವನು ಮೈತುಂಬ ಇರುವೆ ಹತ್ತಿದವನಂತೆ ಕುಣಿಯುತ್ತಾನೆ. ಅವನ ಅಕ್ಕನದೂ ಹಿಂದೆ ಇದೇ ಕುಣಿತವಾಗಿತ್ತು. ಕಥೆ ಶುರುವಾದದ್ದೇ ಆ ಕುಣಿತದಿಂದ.

ಮೊದಲು ನಮ್ಮತ್ತೆಯ ವಿಷಯ ಹೇಳಿಬಿಡುತ್ತೇನೆ. ಅತ್ತೆ ಗೌರಿಬಿದನೂರಿನವರು. ಮನೆಮಾತು ಕನ್ನಡವೇ ಆದರೂ ಸಿಟ್ಟು ಬಂದಾಗ ಮತ್ತು ಸಿಟ್ಟು ಇಳಿದಾಗ ಬಾಯಲ್ಲಿ ತೆಲುಗು ಬರುತ್ತದೆ. ಸಿಟ್ಟಿಗೆ 'ಏಮೇ', ರಾಜಿಗೆ 'ಪೋನೀಲೇ', ಹೋಗಲಿ ಬಿಡು ಅಂತ. ನಾನು ಮದುವೆಯಾಗಿ ಬಂದ ಹೊಸದರಲ್ಲಿ ಮೊದಲನೆಯದನ್ನೇ ಹೆಚ್ಚು ಕೇಳಿದವಳು. ಅತ್ತೆಯ ಕೈಯಲ್ಲಿ ಹೆಣಿಗೆಯ ಕಡ್ಡಿ ಇಲ್ಲದ್ದನ್ನು ನಾನು ನೋಡಿದ್ದು ಊಟಕ್ಕೆ ಕೂತಾಗ ಮಾತ್ರ. ನಮ್ಮ ಯಜಮಾನರು ಹುಟ್ಟಿದ ದಿನದಿಂದ ಇಂದಿನವರೆಗೆ ಅಮ್ಮ ಹೆಣೆದ ಸ್ವೆಟರನ್ನೇ ತೊಟ್ಟವರು. ತಾಲ್ಲೂಕು ಆಫೀಸಿನಲ್ಲಿ ಕೂತು ಫೈಲು ನೋಡುವಾಗಲೂ ಒಳಗೊಂದು ಕೈಯಿಲ್ಲದ ಸ್ವೆಟರು ಇರುತ್ತದೆ, ಏಪ್ರಿಲ್ ತಿಂಗಳಲ್ಲಿ ಕೂಡ. ಒಟ್ಟಿನಲ್ಲಿ ಈ ಮನೆಯವರ ಮೈಯನ್ನು ಬೆಚ್ಚಗಿಡುವ ಖಾತೆ ಅತ್ತೆಯದು. ಆ ಸ್ವೆಟರುಗಳನ್ನು ಒಗೆಯುವ ಖಾತೆ ನನ್ನದು.

ಅತ್ತೆಗೆ ಇನ್ನೊಂದು ಗುಣವಿತ್ತು. ಹೊಗಳುವುದಿಲ್ಲ. ನನ್ನ ಸಾರು ಎಷ್ಟೇ ಚೆನ್ನಾಗಿರಲಿ, ಬಾಯಿಂದ ಬರುವುದು 'ಆಗಬಹುದು' ಅನ್ನುವ ಒಂದೇ ಮಾತು. ಅದನ್ನು ಕೇಳಿದ ದಿನ ನಾನು ಅಡುಗೆಮನೆಯಲ್ಲಿ ಪಾತ್ರೆಗಳಿಗೆ ಕೇಳುವ ಹಾಗೆ ಹಾಡು ಗುನುಗುತ್ತಿದ್ದೆ. ನಗಬೇಡಿ. ಸೊಸೆಯಾಗಿ ಬಾಳಿದವರಿಗೆ ಗೊತ್ತು ಅದರ ಬೆಲೆ.

ಆ ವರ್ಷ ಮಗಳು ಸಿರಿ ಒಂದನೇ ಕ್ಲಾಸಿನಲ್ಲಿದ್ದಳು, ಕಿಟ್ಟು ಇನ್ನೂ ತೊದಲುತ್ತಿದ್ದ. ಸಿರಿಗೆ ಅಜ್ಜಿಯ ಉಣ್ಣೆಯ ಸ್ವೆಟರು ಚುಚ್ಚಲು ಶುರುವಾಯಿತು. ಬೆಳಿಗ್ಗೆ ಒಂದು ಕೈ ತೂರಿಸುವಷ್ಟರಲ್ಲಿ ಅಳು, ಇನ್ನೊಂದು ಕೈ ತೂರಿಸುವಷ್ಟರಲ್ಲಿ ಸ್ಕೂಲ್ ವ್ಯಾನಿನ ಹಾರನ್ನು. ಕತ್ತಿನ ಸುತ್ತ ಕೆಂಪಗೆ ಗಂದೆ ಏಳುತ್ತಿತ್ತು. ಅತ್ತೆಯ ಮುಖ ಸಣ್ಣದಾಯಿತು. ನನ್ನ ತಲೆಯಲ್ಲಿ ಮಾತ್ರ ದೀಪ ಹತ್ತಿತು, ಯಾಕೆ ಸುಳ್ಳು ಹೇಳಲಿ.

"ರೇಷ್ಮೆ ಊರಲ್ಲಿ ಹುಟ್ಟಿದವಳ ಮಗಳಿಗೆ ಉಣ್ಣೆ ಯಾಕತ್ತೆ? ನಾನು ರೇಷ್ಮೇಲೇ ಹೆಣೀತೀನಿ," ಅಂದೆ.

ಅತ್ತೆ ಕನ್ನಡಕದ ಮೇಲಿಂದ ನೋಡಿದರು. "ರೇಷ್ಮೆ ಸ್ವೆಟರಾ? ಆಗಬಹುದು," ಅಂದರು. ಅವರಿಗೂ ಅದರ ಪರಿಣಾಮ ಗೊತ್ತಿರಲಿಲ್ಲ ಅನ್ನುವುದನ್ನು ನೀವು ದಯವಿಟ್ಟು ನೆನಪಿಟ್ಟುಕೊಳ್ಳಿ.

ಅಪ್ಪ ಶಿಡ್ಲಘಟ್ಟದ ತಮ್ಮ ಹುರಿ ಮಿಷನ್ನಿನಲ್ಲಿ ರೇಷ್ಮೆಯನ್ನು ದಪ್ಪಗೆ ಹುರಿ ಮಾಡಿಸಿ, ಅಂಟು ತೆಗೆಸಿ, ಕೆನೆ ಬಣ್ಣದ ನೂಲಿನ ಲಡಿಗಳನ್ನು ಬಸ್ಸಿನಲ್ಲಿ ತಾವೇ ತಂದುಕೊಟ್ಟರು. ಅತ್ತೆ ಒಂದು ಲಡಿಯನ್ನು ಮೂಸಿ, "ಹುಳದ ವಾಸನೆ," ಅಂದರು. ಅಪ್ಪ ಕಾಫಿ ಕುಡಿಯುತ್ತಾ, "ಹುಳದ್ದೇ ಅಲ್ಲವ್ರಾ ತಾಯಿ ಅದು? ನಿಮ್ಮ ಉಣ್ಣೇಲಿ ಕುರಿ ವಾಸನೆ ಬರಲ್ವಾ?" ಅಂದರು. ನನಗೆ ನಗು ಬಂತು. ಸೆರಗು ಬಾಯಿಗಿಟ್ಟುಕೊಂಡು ಒಳಗೆ ಹೋದೆ.

ಹೆಣಿಗೆಯಲ್ಲಿ ನನಗೆ ಬರುತ್ತಿದ್ದದ್ದು ಒಂದು ಸೀದಾ, ಒಂದು ಉಲ್ಟಾ, ಅಷ್ಟೇ. ಕಿಟ್ಟು ಮಲಗಿದ ಮಧ್ಯಾಹ್ನಗಳಲ್ಲಿ ಬಾಗಿಲ ಬಿಸಿಲಿಗೆ ಕೂತು ಹೆಣೆದೆ. ಕುಣಿಕೆ ತಪ್ಪಿದಾಗ ಕದ್ದು ಬಿಚ್ಚಿದೆ. ಆದರೆ ಮುಗಿದ ದಿನ ನೋಡಬೇಕಿತ್ತು ನೀವು! ಸಿರಿ ತೊಟ್ಟುಕೊಂಡು ಕನ್ನಡಿಯ ಮುಂದೆ ನಿಂತಳು, ಕೆನ್ನೆಗೆ ತೋಳನ್ನು ಉಜ್ಜಿಕೊಂಡಳು. "ಅಮ್ಮಾ, ಒಂಚೂರೂ ಚುಚ್ಚಲ್ಲ!" ನನ್ನ ಕೈಯಲ್ಲಿ ಆದ ಬಟ್ಟೆಯನ್ನು ನನ್ನ ಮಗು ನಗುನಗುತ್ತಾ ತೊಟ್ಟಿತು. ಆಗ ಆದ ಸಂತೋಷಕ್ಕೆ ನಾನು ಬೇರೆ ಹೆಸರು ಹುಡುಕುವುದಿಲ್ಲ. ಸಂತೋಷ, ಅಷ್ಟೇ.

ಇದೇ ಸಮಯಕ್ಕೆ ಸ್ಕೂಲಿನಲ್ಲಿ ಒಂದು ಹೊಸ ಪಾಠ ಶುರುವಾಗಿತ್ತು. ಉಪಕಾರ ಮಾಡಿದವರನ್ನು ನೆನೆಯುವ ಪಾಠ. ಮನೆಯಲ್ಲಿ ದಿನಾ ಎಲ್ಲರಿಗೂ ಥ್ಯಾಂಕ್ಯೂ ಹೇಳಬೇಕು ಅಂತ ಮಿಸ್ಸು ಹೇಳಿಕೊಟ್ಟಿದ್ದರು. ಸಿರಿ ಯಾವುದನ್ನೂ ಅರ್ಧ ಮಾಡುವವಳಲ್ಲ. ಅಪ್ಪನಿಗೆ, ನನಗೆ, ತಮ್ಮನಿಗೆ ಹೇಳಿ ಮುಗಿಸಿ ನಲ್ಲಿಗೆ, ಕುಕ್ಕರಿಗೆ, ಮಂಚದ ಕೆಳಗಿನ ಚಪ್ಪಲಿಗೆ ಥ್ಯಾಂಕ್ಯೂ ಹೇಳುತ್ತಾ ಮನೆಯೆಲ್ಲ ಸುತ್ತಿದಳು. ದೋಸೆ ಹಾಕುತ್ತಿದ್ದ ಅಜ್ಜಿಗೂ ಹೇಳಿದಳು. ಅತ್ತೆ ಮೊಗಚುವ ಸೌಟು ಹಿಡಿದೇ ತಿರುಗಿದರು.

"ಏಮೇ, ನಾನೇನು ಹೋಟ್ಲಿನವಳಾ? ಮನೆಯವ್ರಿಗೆ ಯಾರಾದ್ರೂ ಥ್ಯಾಂಕ್ಸ್ ಹೇಳ್ತಾರಾ? ಹಾಕಿದ್ದು ತಿಂದು ತಟ್ಟೆ ಖಾಲಿ ಮಾಡು. ಕೊಟ್ಟಿದ್ದು ತೊಟ್ಕೊ. ಅದೇ ಕಣಮ್ಮ ಎಲ್ಲ."

"ಮತ್ತೆ ಮಿಸ್ಸು?" ಅಂದಳು ಸಿರಿ.

"ಮಿಸ್ಸಿಗೆ ಬೇಕಾದ್ರೆ ಹೇಳ್ಕೊ. ಅವ್ರು ಹೊರಗಿನವ್ರು."

ಮಿಸ್ಸಿನ ಮಾತೂ ಸುಳ್ಳಲ್ಲ, ಅತ್ತೆಯ ಮಾತೂ ಸುಳ್ಳಲ್ಲ ಅನ್ನಿಸಿ ನಾನು ಚಟ್ನಿ ಬಡಿಸಿದೆ. ಆ ಪಾಠದ ಕೊನೆಗೆ, ಬರುವ ಶನಿವಾರ, ಅಪ್ಪ ಅಮ್ಮಂದಿರ ಮುಂದೆ ಒಂದು ಸಣ್ಣ ಕಾರ್ಯಕ್ರಮ. ಮನೆಯವರು ಕೈಯಾರೆ ಮಾಡಿದ್ದೊಂದನ್ನು ತೋರಿಸಿ ಪ್ರತಿ ಮಗುವೂ ವೇದಿಕೆಯ ಮೇಲೆ ಎರಡು ಮಾತು ಹೇಳಬೇಕು. ಸಿರಿ ಆಗಲೇ ಮಿಸ್ಸಿಗೆ ಮಾತು ಕೊಟ್ಟು ಬಂದಿದ್ದಳು, ನಮ್ಮಮ್ಮನ ಸ್ವೆಟರು ಹಾಕ್ಕೊಂಡು ಬರ್ತೀನಿ ಅಂತ.

ಸೋಮವಾರ ಮೊದಲ ಸಲ ತೊಟ್ಟು ಸ್ಕೂಲಿಗೆ ಹೋದಳು. ಬೆಳಿಗ್ಗೆ ಹೋಗುವಾಗ ಸ್ವೆಟರು ಸೊಂಟದವರೆಗಿತ್ತು. ಸಂಜೆ ವ್ಯಾನಿನಿಂದ ಇಳಿದಾಗ ಮೊಣಕಾಲಿಗೆ ಬಂದಿತ್ತು. ತೋಳುಗಳು ಬೆರಳು ದಾಟಿ ಆನೆಮರಿಯ ಸೊಂಡಿಲಿನಂತೆ ಓಲಾಡುತ್ತಿದ್ದವು. ಉಣ್ಣೆ ಎಳೆದರೆ ಹಿಂದಕ್ಕೆ ಬರುತ್ತದೆ, ರೇಷ್ಮೆ ಬರುವುದಿಲ್ಲ. ಹೋದದ್ದು ಹೋದ ಹಾಗೇ. ಇಷ್ಟು ಚಿಕ್ಕ ಸಂಗತಿ, ರೇಷ್ಮೆಯಲ್ಲೇ ಹುಟ್ಟಿ ಬೆಳೆದ ನನಗೆ ಹೊಳೆದಿರಲಿಲ್ಲ. ನಮ್ಮೂರಿನಲ್ಲಿ ಗೂಡಿನಿಂದ ನೂಲು ತೆಗೆಯುತ್ತಾರೆ, ಸೀರೆಗೆ ಕಳಿಸುತ್ತಾರೆ. ಸ್ವೆಟರು ಹೆಣೆಯುವ ಹುಚ್ಚು ಯಾರಿಗಿತ್ತು?

ಒಗೆದರೆ ಸರಿಹೋದೀತೆಂದು ಒಗೆದು ತಂತಿಗೆ ಹಾಕಿದೆ. ಅದು ಇನ್ನೂ ದೊಡ್ಡ ಪೆದ್ದುತನ. ನೀರಿನ ಭಾರಕ್ಕೆ ಇಳಿದು ಇಳಿದು, ಮಂಗಳವಾರ ಬೆಳಿಗ್ಗೆ ಅದು ಕಿಟ್ಟುವಿಗಿಂತ ಉದ್ದವಾಗಿತ್ತು. ಅವನು ಅದರೊಳಗೆ ಹೊಕ್ಕು ಆ ಕಡೆಯಿಂದ ಈಚೆ ಬಂದು ಚಪ್ಪಾಳೆ ತಟ್ಟಿದ. ಯಜಮಾನರು ಕಾಫಿ ಲೋಟ ಹಿಡಿದು, "ಶನಿವಾರದ ಹೊತ್ತಿಗೆ ನನಗೇ ಆಗುತ್ತೆ ಬಿಡು," ಅಂದರು. ನಾನು ನಗಲಿಲ್ಲ. ಬಾಗಿಲ ಹಿಂದೆ ಸಿರಿ ಸದ್ದಿಲ್ಲದೆ ಅಳುತ್ತಿದ್ದಳು.

"ಅಮ್ಮಾ, ನಾನು ಮಿಸ್ಸಿಗೆ ಹೇಳ್ಬಿಟ್ಟಿದೀನಿ," ಅಂದಳು. ಅಮ್ಮನ ಸ್ವೆಟರು ಅಂತ ಎದೆಯುಬ್ಬಿಸಿ ಹೇಳಿ ಬಂದ ಮಗುವಿನ ಮಾತನ್ನು ಅಮ್ಮನ ಕೈಯೇ ಸುಳ್ಳು ಮಾಡುವುದೇ?

ಅತ್ತೆ ಈಗ ಏನಾದರೂ ಅನ್ನುತ್ತಾರೆಂದು ಕಾದೆ. ಅನ್ನಲು ಅವರಿಗೆ ಬೇಕಾದಷ್ಟಿತ್ತು. ಅವರು ತಂತಿಯಿಂದ ಸ್ವೆಟರನ್ನು ಎತ್ತಿಕೊಂಡು ಬಂದು ಮಡಿಲಲ್ಲಿ ಹಾಸಿಕೊಂಡರು. ಬಹಳ ಹೊತ್ತು ಅದರ ಮೇಲೆ ಕೈಯಾಡಿಸಿದರು.

"ನನ್ನುಣ್ಣೆ ಚುಚ್ಚುತ್ತೆ. ನಿನ್ನ ರೇಷ್ಮೆ ಜಾರುತ್ತೆ," ಅಂದರು. "ಈಗೇನಮ್ಮ ಮಾಡಣ?"

ಆ 'ಮಾಡಣ' ನನ್ನ ಕಿವಿಗೆ ಬಿತ್ತು. ಏನ್ಮಾಡ್ತೀಯ ಅನ್ನಲಿಲ್ಲ, ಮಾಡಣ ಅಂದರು. ಅದರ ಬಲದಲ್ಲೇ ನನಗೆ ಅಪ್ಪನ ಹುರಿ ಮಿಷನ್ನು ನೆನಪಾಗಿರಬೇಕು. ಅಲ್ಲಿ ಒಂಟಿ ಎಳೆ ಯಾವ ಕೆಲಸಕ್ಕೂ ಬರುವುದಿಲ್ಲ, ಎಳೆಗೆ ಎಳೆ ಕೂಡಿಸಿ ಹುರಿ ಕೊಟ್ಟ ಮೇಲೇ ಅದು ನೂಲು.

"ಅತ್ತೆ, ಒಂದೆಳೆ ನಿಮ್ಮದು, ಒಂದೆಳೆ ನಂದು, ಎರಡನ್ನೂ ಜೊತೇಲಿ ಹಿಡಿದು ಹೆಣೆದ್ರೆ?"

ಅತ್ತೆ ಎದ್ದು ಬೀರುವಿನಿಂದ ತಮ್ಮ ಹಸಿರು ಉಣ್ಣೆಯ ಉಂಡೆ ತಂದರು. ಎರಡೂ ಎಳೆ ಸೇರಿಸಿ ಅಂಗೈಯಗಲ ಹೆಣೆದು ಎಳೆದು ನೋಡಿದರು. ಬಿಟ್ಟರೆ ಹಿಂದಕ್ಕೆ ಬಂತು. ಸಿರಿಯ ಕತ್ತಿಗೆ ಒತ್ತಿ ಹಿಡಿದರು. ಮಗು ಉಸಿರು ಕಟ್ಟಿ ನಿಂತಿತು, ಆಮೇಲೆ ತಲೆಯಾಡಿಸಿತು. ಚುಚ್ಚಲಿಲ್ಲ.

ಅಲ್ಲಿಂದ ಶುಕ್ರವಾರದವರೆಗೆ ಮನೆಯಲ್ಲಿ ಬೇರೆ ಕೆಲಸವೇ ನಡೆಯಲಿಲ್ಲ ಅಂದರೂ ಸರಿ. ರೇಷ್ಮೆಯನ್ನೆಲ್ಲ ಬಿಚ್ಚಿದೆವು. ಯಜಮಾನರನ್ನು ಆಫೀಸಿನಿಂದ ಬಂದ ಕೂಡಲೇ ಕುರ್ಚಿಯಲ್ಲಿ ಕೂರಿಸಿ, ಎರಡೂ ಕೈಗೆ ಲಡಿ ತೊಡಿಸಿ ಉಂಡೆ ಸುತ್ತಿದೆವು. ಕೈಕೋಳ ಹಾಕಿಸಿಕೊಂಡವರ ಹಾಗೆ ಕೂತು, "ಮೂಗು ತುರಿಸ್ತಿದೆ ಕಣೇ," ಅಂದರು. ಸಿರಿ ಓಡಿ ಬಂದು ತುರಿಸಿದಳು. ರಾತ್ರಿಗೆ ದಿನಾ ಉಪ್ಪಿಟ್ಟು. ಯಾರೂ ಕೊಂಕು ತೆಗೆಯಲಿಲ್ಲ. ಮುಂಭಾಗ ಅತ್ತೆ ಹಿಡಿದರು, ಬೆನ್ನು ನನಗೆ ಬಿಟ್ಟರು. ಅತ್ತೆ ಜಗಲಿಯ ಆ ಕೊನೆಗೆ, ನಾನು ಈ ಕೊನೆಗೆ, ನಡುವೆ ಕಿಟ್ಟು. ಆ ಮಧ್ಯಾಹ್ನಗಳಲ್ಲಿ ಅತ್ತೆ ತಾವಾಗಿ ಮಾತಾಡಿದರು. ಗೌರಿಬಿದನೂರಿನಲ್ಲಿ ಚಿಕ್ಕವರಿದ್ದಾಗ ಸ್ವೆಟರಿಲ್ಲದೆ ಅಣ್ಣನ ಟವೆಲ್ಲು ಹೊದ್ದು ಸ್ಕೂಲಿಗೆ ಹೋಗುತ್ತಿದ್ದರಂತೆ. ಹೆಣಿಗೆ ಕಲಿತದ್ದೇ ಆ ಚಳಿಗೆ ಹೆದರಿ, ನನ್ನ ಮಕ್ಕಳಿಗೆ ಹೀಗಾಗಬಾರದು ಅಂತ. ಇಷ್ಟು ವರ್ಷ ಆ ಸ್ವೆಟರುಗಳನ್ನು ಹಿಂಡಿ ಒಣಗಿಸುತ್ತಾ ನಾನು ಗೊಣಗಿದ್ದೆನಲ್ಲ, ಪ್ರತಿಯೊಂದರಲ್ಲೂ ಆ ಚಳಿಯನ್ನು ಗೆದ್ದವರ ಕೈಯಿತ್ತು. ಥ್ಯಾಂಕ್ಸ್ ಅತ್ತೆ ಅನ್ನಬೇಕೆನ್ನಿಸಿತು. ಹೊರಗಿನವಳಾಗಿಬಿಡುತ್ತೇನೇನೋ ಎಂದು, ಅವರ ಲೋಟಕ್ಕೆ ಇನ್ನೊಂದಿಷ್ಟು ಕಾಫಿ ಬಗ್ಗಿಸಿದೆ.

ಶುಕ್ರವಾರ ಸಂಜೆ ಎರಡೂ ಭಾಗ ಜೋಡಿಸಿ ನೋಡಿದರೆ ಅವರ ಕೈ ಬಿಗಿ, ನನ್ನ ಕೈ ಸಡಿಲ. ಎದೆ ಕವಾಯತಿಗೆ ನಿಂತ ಪೊಲೀಸಿನಂತೆ ನೆಟ್ಟಗಿತ್ತು. ಬೆನ್ನು ಮಾತ್ರ ಸ್ವಲ್ಪ ಜೋಲಿ ಹೊಡೆಯುತ್ತಿತ್ತು. ಬಿಚ್ಚಲು ಸಮಯವಿರಲಿಲ್ಲ. ಅತ್ತೆ ದೇವರ ಮುಂದಿಟ್ಟು, ಹೊಸ ಬಟ್ಟೆಗೆ ಮಾಡುವಂತೆ ಮುಂದಿನ ಅಂಚಿಗೆ ಅರಿಶಿನ ಹಚ್ಚಿದರು. ಆಮೇಲೆ ಅರಿಶಿನದ ಬಟ್ಟಲನ್ನು ನನ್ನ ಕಡೆ ಸರಿಸಿದರು. "ಬೆನ್ನಿಗೆ ನೀನೇ ಹಚ್ಚಮ್ಮ."

ಶನಿವಾರ ನಾವೆಲ್ಲ ಹೋಗಿ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಸಾಲಾಗಿ ಕೂತೆವು. ನನ್ನ ಕಣ್ಣು ಸ್ವೆಟರಿನ ಅಂಚಿನ ಮೇಲೇ ಇತ್ತು, ಇಳಿಯಿತೇ, ಇಳಿಯಿತೇ ಅಂತ. ಮಕ್ಕಳು ಒಬ್ಬೊಬ್ಬರೇ ಬಂದು, ಥ್ಯಾಂಕ್ಯೂ ಮಮ್ಮಿ ಫಾರ್ ದಿ ಕೇಕ್, ಥ್ಯಾಂಕ್ಯೂ ಡ್ಯಾಡಿ ಫಾರ್ ದಿ ಬಾಕ್ಸ್ ಅಂತ ಒಪ್ಪಿಸಿ ಹೋದರು. ಸಿರಿಯ ಸರದಿ ಬಂತು. ಮೈಕಿನ ಮುಂದೆ ನಿಂತಳು. ಸ್ವೆಟರು ಸೊಂಟದಲ್ಲೇ ಇತ್ತು. ಆದರೆ ಮಾತು ಮರೆತುಹೋಗಿತ್ತು. ಮಿಸ್ಸು ಪಕ್ಕದಿಂದ ತುಟಿಯಲ್ಲೇ ಹೇಳಿಕೊಡುತ್ತಿದ್ದರು, ಇವಳು ನೋಡಲಿಲ್ಲ. ಅತ್ತೆ ನನ್ನ ಮೊಣಕೈ ಹಿಡಿದುಕೊಂಡರು.

ಸಿರಿ ಎದೆಯ ಮೇಲೆ ಕೈಯಿಟ್ಟಳು. "ಇದು ಮುಂದೆ ಅಜ್ಜಿ," ಅಂದಳು. ಗಿರಕ್ಕನೆ ತಿರುಗಿ ಸಭೆಗೆ ಬೆನ್ನು ತೋರಿಸಿದಳು. "ಹಿಂದೆ ಅಮ್ಮ." ಮತ್ತೆ ಈ ಕಡೆ ತಿರುಗಿ, ಇನ್ನೇನು ಉಳಿಯಿತು ಅಂತ ಯೋಚಿಸಿ, ನಕ್ಕುಬಿಟ್ಟಳು. "ಒಳಗೆ ನಾನು!"

ಆಮೇಲೆ ಎದ್ದಿತು ನೋಡಿ ಚಪ್ಪಾಳೆ! ಕಿಟ್ಟು ಅಪ್ಪನ ಹೆಗಲ ಮೇಲಿಂದ, "ನಮ್ಮಕ್ಕ! ನಮ್ಮಕ್ಕ!" ಅಂತ ಕೂಗಿದ. ಥ್ಯಾಂಕ್ಯೂ ಅನ್ನುವ ಮಾತೇ ಬರದ ಭಾಷಣ ಅದೊಂದೇ. ಮಿಸ್ಸಿನ ಕಣ್ಣಲ್ಲೂ ನೀರಿತ್ತು. ನಾನಂತೂ ಯುದ್ಧ ಗೆದ್ದು ಬಂದವಳಂತೆ ತಲೆಯೆತ್ತಿ ಸ್ಕೂಲಿನ ಗೇಟು ದಾಟಿದೆ. ಅತ್ತೆ ಮನೆಗೆ ಬಂದು ಚಪ್ಪಲಿ ಬಿಡುತ್ತಾ, "ಬೆನ್ನು ಸ್ವಲ್ಪ ಸಡಿಲ ಆಯ್ತು," ಅಂದರು. ನೋಡಿ, ಮನುಷ್ಯರು ಹಾಗೆಲ್ಲ ಒಂದೇ ದಿನಕ್ಕೆ ಬದಲಾಗುವುದಿಲ್ಲ.

ಟ್ರಂಕಿನ ತಳದಲ್ಲಿ ಸ್ವೆಟರು ಸಿಕ್ಕಿತು. ಹಸಿರಿನ ನಡುವೆ ರೇಷ್ಮೆಯ ಹೊಳಪು ಇನ್ನೂ ಹಾಗೇ ಇದೆ. ಅಂಚಿನಲ್ಲಿ ಎರಡೂ ಕಡೆ ಅರಿಶಿನದ ಕಲೆ ಮಾಸಲಾಗಿ ಉಳಿದಿದೆ. ಕೊಡವಿ, ಬಿಸಿಲಿಗೆ ಹಾಕಿ, ಕಿಟ್ಟುವಿಗೆ ಕೊಟ್ಟೆ. ಅವನೋ ಅವಸರದ ಗಿರಾಕಿ. ತಲೆ ತೂರಿಸಿ, ಕೈ ತೂರಿಸಿ, ಕುಣಿಯದೆ ನೆಟ್ಟಗೆ ನಿಂತ. ಚುಚ್ಚಲಿಲ್ಲ. ಆದರೆ ಹಿಂದುಮುಂದಾಗಿ ತೊಟ್ಟಿದ್ದ. ನನ್ನ ಜೋಲುಬೆನ್ನು ಅವನ ಎದೆಯ ಮೇಲಿತ್ತು.

"ಅಯ್ಯೋ, ಉಲ್ಟಾ ಹಾಕ್ಕೊಂಡಿದೀಯ ಕಣೋ, ತೆಗಿ," ಅಂತ ಕೈಯಿಟ್ಟೆ.

ಕಿಟಕಿಯ ಬಳಿ ಕೂತಿದ್ದ ಅತ್ತೆ ಹೆಣಿಗೆ ನಿಲ್ಲಿಸಿದರು. ಈಗ ಅವರ ಕೈ ಮೊದಲಿನಷ್ಟು ಬಿಗಿಯಿಲ್ಲ. ಮೊಮ್ಮಗನನ್ನು ಹತ್ತಿರ ಕರೆದು, ಅವನ ಎದೆಯ ಮೇಲಿನ ನನ್ನ ವಕ್ರ ಸಾಲುಗಳನ್ನು ಅಂಗೈಯಿಂದ ನಿಧಾನವಾಗಿ ನೇವರಿಸಿದರು.

"ಪೋನೀಲೇ, ಹಾಗೇ ಇರ್ಲಿ ಬಿಡಪ್ಪ," ಅಂದರು. "ಈ ವರ್ಷ ನಿಮ್ಮಮ್ಮ ಮುಂದಿರ್ಲಿ."